ದನದ ದಾರಿ, ಸೈಕಲ್ ದಾರಿ

ನಮ್ಮೂರಲ್ಲಿ ‘ಟ್ರೇಲ್’ ಅನ್ನೋ ಪದಕ್ಕೆ ಕೆಲಸವೇ ಇರಲಿಲ್ಲ. ಕೊಪ್ಪದ ಕಡೆಯ ಮಲೆನಾಡಿನ ಹಳ್ಳಿ ನಮ್ಮದು. ಶಾಲೆಗೆ ಹೋಗೋಕೆ ಒಂದು ಕಾಲುದಾರಿ, ದನ ಗುಡ್ಡಕ್ಕೆ ಹೋಗೋಕೆ ಇನ್ನೊಂದು, ಕೊಟ್ಟಿಗೆಗೆ ಸೊಪ್ಪು ತರೋಕೆ ಮತ್ತೊಂದು. ಯಾವ ದಾರಿಯಲ್ಲೂ ಯಾರೂ ಸುಮ್ಮನೆ ನಡೀತಿರಲಿಲ್ಲ. ಕೈಬೀಸಿಕೊಂಡು ಗುಡ್ಡ ಹತ್ತಿ ಹಾಗೇ ಇಳಿದು ಬಂದರೆ, ‘ಏನಾಯ್ತೋ ನಿಂಗೆ, ಮನೇಲಿ ಜಗಳಾನಾ?’ ಅಂತ ಕೇಳೋರು. ಹಾಗಾಗಿ ಬಿಇ ಮುಗಿಸಿ, ಬೆಂಗಳೂರಲ್ಲಿ ಆರು ವರ್ಷ ಕೋಡ್ ಬರೆದು, ಆಮೇಲೆ ಕ್ಯಾಲಿಫೋರ್ನಿಯಾಕ್ಕೆ ಬಂದ ನನಗೆ ಇಲ್ಲಿಯ ಶನಿವಾರಗಳು ಮೊದಮೊದಲು ನಗು ತರಿಸ್ತಿದ್ದವು. ಬೆಳಿಗ್ಗೆ ಆರಕ್ಕೆ ಎದ್ದು, ಸೈಕಲ್ಲನ್ನು ಕಾರಿನ ಹಿಂದೆ ಕಟ್ಟಿ, ಎರಡು ಗಂಟೆ ಡ್ರೈವ್ ಮಾಡಿ, ಮಣ್ಣಿನ ದಾರಿಯಲ್ಲಿ ಬೆವರು ಸುರಿಸಿ ಬರೋದು! ನಮ್ಮಪ್ಪ ಜೀವಮಾನವಿಡೀ ಪುಕ್ಕಟೆ ಮಾಡಿದ ಕೆಲಸ ಇದು.

ಈಗ ನಾನೂ ಅದೇ ಪೈಕಿ. ಸ್ಟ್ಯಾಂಡಪ್ ಮೀಟಿಂಗುಗಳ ಮಧ್ಯೆ ವಾರ ಕಳೆದು ಶುಕ್ರವಾರ ಸಂಜೆ ಆಯ್ತು ಅಂದ್ರೆ ಟೈರಿಗೆ ಗಾಳಿ ಹೊಡೆಯೋಕೆ ಶುರು. ಎಷ್ಟೋ ಕಡೆ ತಿರುಗಿದ್ದೀನಿ, ಆದರೆ ಮತ್ತೆ ಮತ್ತೆ ಹೋಗೋದು ಒಂದೇ ಜಾಗಕ್ಕೆ: ಪಾಯಿಂಟ್ ರೇಯ್ಸ್.

ಸ್ಯಾನ್ ಫ್ರಾನ್ಸಿಸ್ಕೊದಿಂದ ಉತ್ತರಕ್ಕೆ, ಪೆಸಿಫಿಕ್ ಸಮುದ್ರದೊಳಕ್ಕೆ ಚಾಚಿಕೊಂಡಿರೋ ಒಂದು ಪರ್ಯಾಯ ದ್ವೀಪ. 1962ರ ಸೆಪ್ಟೆಂಬರಿನಲ್ಲಿ ಅಧ್ಯಕ್ಷ ಕೆನಡಿ ಸಹಿ ಹಾಕಿದ ಕಾನೂನಿನಿಂದ ಇದು ‘ನ್ಯಾಷನಲ್ ಸೀಶೋರ್’ ಆಯ್ತು. ಸುಮಾರು 71 ಸಾವಿರ ಎಕರೆ. ಒಳಗೆ ಸುಮಾರು 240 ಕಿಲೋಮೀಟರ್ ಉದ್ದದ ನಡಿಗೆ ದಾರಿಗಳು. ಪ್ರವೇಶ ಶುಲ್ಕ ಇಲ್ಲ. ಕಾಡು, ಹುಲ್ಲುಗುಡ್ಡ, ಹಿನ್ನೀರು, ಮರಳ ದಂಡೆ, ಬಂಡೆಯ ಪ್ರಪಾತ ಎಲ್ಲವೂ ಒಂದೇ ದಿನದಲ್ಲಿ ಸಿಗುತ್ತೆ. ಹುಲ್ಲುಗುಡ್ಡದ ಮೇಲೆ ಮಂಜು ಕವಿದು ನಿಂತರೆ ಕುದುರೆಮುಖವೇ ಸಮುದ್ರದ ಪಕ್ಕಕ್ಕೆ ಬಂದು ಕೂತ ಹಾಗೆ.

ಸೈಕಲ್ ತಗೊಂಡು ಹೋಗೋರಿಗೆ ಒಂದು ವಿಷಯ ಮೊದಲೇ ಹೇಳಿಬಿಡ್ತೀನಿ. ಇಲ್ಲಿ ಎಲ್ಲಾ ದಾರಿಯಲ್ಲೂ ಸೈಕಲ್ ಬಿಡಲ್ಲ. 1976ರಲ್ಲಿ ಈ ಉದ್ಯಾನದ ದೊಡ್ಡ ಭಾಗವನ್ನು ‘ವಿಲ್ಡರ್‌ನೆಸ್’ ಅಂತ ಗುರುತಿಸಿದರು. 1964ರ ವಿಲ್ಡರ್‌ನೆಸ್ ಕಾಯ್ದೆ ಪ್ರಕಾರ ಅಂಥ ಜಾಗದಲ್ಲಿ ಯಾಂತ್ರಿಕ ಸಾರಿಗೆ ನಿಷಿದ್ಧ. ಸೈಕಲ್ಲೂ ಯಂತ್ರದ ಲೆಕ್ಕಕ್ಕೇ ಬರುತ್ತೆ. ಮೊದಲ ಸಲ ಜೊತೆಗೆ ಬಂದಿದ್ದ ಹುಬ್ಬಳ್ಳಿ ಗೆಳೆಯ ಬೋರ್ಡ್ ಓದಿ ಸಿಟ್ಟಾದ. ‘ಏನಲೇ ಇದು, ಪೆಟ್ರೋಲ್ ಇಲ್ಲ, ಹೊಗಿ ಇಲ್ಲ. ಸೈಕಲ್ ಯಾಕ ಬ್ಯಾಡಂತ? ಅದೇ ಕುದುರಿ ಮ್ಯಾಲೆ ಹೋದ್ರ ಬಿಡತಾರಂತ!’ ಹೌದು, ಬಹಳಷ್ಟು ದಾರಿಗಳಲ್ಲಿ ಕುದುರೆಗೆ ಬಿಡ್ತಾರೆ. ಚಕ್ರ ಇರೋದಕ್ಕೆ ಬಿಡಲ್ಲ. ಕಾನೂನಿನ ಕಣ್ಣಿಗೆ ಕಾಡು ಅಂದ್ರೆ ಚಕ್ರ ಹುಟ್ಟೋದಕ್ಕಿಂತ ಮುಂಚಿನ ಜಾಗ.

ಬೇರ್ ವ್ಯಾಲಿ ಟ್ರೇಲ್ ಹೊಸಬರಿಗೆ ಒಳ್ಳೇದು. ಹೊಳೆಯ ಪಕ್ಕದಲ್ಲಿ, ಮರಗಳ ನೆರಳಲ್ಲಿ ಸುಮಾರು 5 ಕಿಲೋಮೀಟರ್ ಸೈಕಲ್ ಹೊಡೀಬಹುದು. ಗ್ಲೆನ್ ಟ್ರೇಲ್ ಸೇರೋ ಕಡೆ ಸೈಕಲ್ಲಿಗೆ ಬೀಗ ಹಾಕಿ, ಅಲ್ಲಿಂದ ಸಮುದ್ರದ ತನಕ ನಡೆದೇ ಹೋಗಬೇಕು. ಇನ್ನೊಂದು, ಲಗೂನಾ ಕಡೆಯಿಂದ ಕೋಸ್ಟ್ ಕ್ಯಾಂಪಿಗೆ ಹೋಗೋ ಕೋಸ್ಟ್ ಟ್ರೇಲ್. ಹೆಚ್ಚು ಏರಿಲ್ಲ, ಕೊನೆಗೆ ಬಲಗಡೆ ಸಮುದ್ರ ತೆರೆದುಕೊಳ್ಳುತ್ತೆ. ಎಸ್ಟೆರೊ ಟ್ರೇಲ್ ಹಿನ್ನೀರಿನ ಪಕ್ಕದ್ದು, ಹಕ್ಕಿ ನೋಡೋರಿಗೆ ಹಬ್ಬ. ನಡೆಯೋರಿಗಾದರೆ ಟೊಮಾಲೆಸ್ ಪಾಯಿಂಟ್. ಹೋಗಿ ಬರೋಕೆ ಸುಮಾರು 15 ಕಿಲೋಮೀಟರ್. ಎಡಕ್ಕೆ ಸಾಗರ, ಬಲಕ್ಕೆ ಕೊಲ್ಲಿ, ಮಧ್ಯೆ ಎಲ್ಕ್ ಹಿಂಡು. ಅಲ್ಲಿಗೆ ಸೈಕಲ್ ಇಲ್ಲ.

ಎಚ್ಚರಿಕೆಯ ಮಾತೂ ಒಂದಿಷ್ಟು. ಬೇಸಿಗೆ ಅಂತ ಟೀಶರ್ಟಲ್ಲಿ ಹೋದ್ರೆ ಮಧ್ಯಾಹ್ನಕ್ಕೆ ಹಲ್ಲು ಕಟಕಟ. ಮಂಜು, ಗಾಳಿ ಇಲ್ಲಿಯ ಯಜಮಾನರು. ಹುಲ್ಲಿನೊಳಗೆ ಉಣುಗು ಇರುತ್ತೆ. ಮಂಗನ ಕಾಯಿಲೆಯ ಭಯದಲ್ಲಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಇಲ್ಲಿ ಅದು ಲೈಮ್ ಅನ್ನೋ ಬೇರೆ ಕಾಯಿಲೆ ತರುತ್ತೆ. ಉದ್ದ ಪ್ಯಾಂಟು ಹಾಕಿ, ಮನೆಗೆ ಬಂದು ಮೈಯೆಲ್ಲ ನೋಡ್ಕೊಳ್ಳಿ. ಮೂರು ಮೂರು ಎಲೆಯ ಪಾಯ್ಸನ್ ಓಕ್ ಮುಟ್ಟಿದ್ರೆ ವಾರಗಟ್ಟಲೆ ತುರಿಕೆ. ಪ್ರಪಾತದ ಅಂಚಿನಲ್ಲಿ ಸೆಲ್ಫಿ ಬೇಡವೇ ಬೇಡ. 2015ರಲ್ಲಿ ಆರ್ಚ್ ರಾಕ್ ಹತ್ತಿರ ಅಂಚು ಕುಸಿದು ಒಬ್ಬರು ಸತ್ತರು.

ಬೇರ್ ವ್ಯಾಲಿಯ ಹತ್ತಿರವೇ ಅರ್ಧ ಗಂಟೆಯಲ್ಲಿ ಮುಗಿಯೋ ಒಂದು ಪುಟ್ಟ ಸುತ್ತು ಇದೆ, ಭೂಕಂಪದ ಟ್ರೇಲ್. ಸ್ಯಾನ್ ಆಂಡ್ರಿಯಾಸ್ ಬಿರುಕು ಇಲ್ಲೇ ಹಾದುಹೋಗುತ್ತೆ. 1906ರ ಭೂಕಂಪದಲ್ಲಿ ಒಂದು ಬೇಲಿ ಎರಡು ತುಂಡಾಗಿ, ಒಂದು ತುಂಡು 16 ಅಡಿ ಆಚೆ ಸರಿದು ನಿಂತಿತ್ತು. ಅದನ್ನು ತೋರಿಸೋ ಹಾಗೆ ಬೇಲಿಯನ್ನು ಮತ್ತೆ ಕಟ್ಟಿ ಇಟ್ಟಿದ್ದಾರೆ. ಇಡೀ ಪರ್ಯಾಯ ದ್ವೀಪವೇ ಪೆಸಿಫಿಕ್ ಫಲಕದ ಮೇಲೆ ಕೂತು ನಿಧಾನಕ್ಕೆ ವಾಯವ್ಯಕ್ಕೆ ಸರೀತಿದೆ. ‘ಅಂದ್ರ ಬೇಲಿ ಹಾಕ್ಕೊಂಡು ಇದು ನಂದು ಅನ್ನೂದು ಸುಮ್ನ’ ಅಂದ ಹುಬ್ಬಳ್ಳಿಯವ.

ಆ ಮಾತಿನ ತೂಕ ನನಗೆ ಗೊತ್ತಾಗಿದ್ದು ಲೈಟ್‌ಹೌಸಿಗೆ ಸೈಕಲ್ ಹೊಡೆಯೋವಾಗ. ಟಾರು ರಸ್ತೆ. ಏರು, ಇಳಿತ, ಎದುರು ಗಾಳಿ. ಅಲ್ಲಲ್ಲಿ ರಸ್ತೆಗೆ ಅಡ್ಡವಾಗಿ ಕಬ್ಬಿಣದ ಸರಳುಗಳು. ನಮ್ಮ ಕಡೆ ಕಾಫಿ ತೋಟದ ಗೇಟಲ್ಲಿ ಹಾಕ್ತಾರಲ್ಲ, ಕ್ಯಾಟಲ್ ಟ್ರ್ಯಾಪ್ ಅಂತ, ಅದೇ. ಹಳೇ ಕಾಲದ ಉಣುಗೋಲಿನ ಕೆಲಸವನ್ನು ಇದು ಮಾಡುತ್ತೆ. ಸೈಕಲ್ಲನ್ನು ನೇರವಾಗಿ ದಾಟಿಸಬೇಕು, ಓರೆಯಾದರೆ ಚಕ್ರ ಸಿಕ್ಕಿಕೊಳ್ಳುತ್ತೆ. ಮೊದಲನೇದು ದಾಟಿದ ಕೂಡಲೇ ಮೂಗಿಗೆ ಬಡೀತು ನೋಡಿ ವಾಸನೆ. ಸಗಣಿ, ಗಂಜಲ, ಹುಳಿತ ಮೇವು. ಗೆಳೆಯ ಮೂಗು ಮುಚ್ಚಿಕೊಂಡ. ನಾನು ಸೈಕಲ್ ನಿಲ್ಲಿಸಿ ಉಸಿರು ಎಳ್ಕೊಂಡೆ. ಎಂಟು ಸಾವಿರ ಮೈಲಿ ದೂರದಲ್ಲಿ ನಮ್ಮನೆ ಕೊಟ್ಟಿಗೆ!

ಈ ಉದ್ಯಾನದೊಳಗೆ ಹಾಲಿನ ರಾಂಚುಗಳಿದ್ದವು. 1850ರ ದಶಕದಲ್ಲೇ ಇಲ್ಲಿ ಹೈನುಗಾರಿಕೆ ಶುರುವಾಗಿತ್ತು. ಶಾಫ್ಟರ್ ಅನ್ನೋ ವಕೀಲರ ಕುಟುಂಬದ ಕೈಗೆ ನೆಲ ಬಂದಾಗ ಅವರು ರಾಂಚುಗಳಿಗೆ ಇಟ್ಟ ಹೆಸರು ಎ, ಬಿ, ಸಿ, ಡಿ. ವೇರಿಯಬಲ್‌ಗೆ ಹೆಸರಿಡೋಕೆ ಸೋಮಾರಿಯಾದ ಪ್ರೋಗ್ರಾಮರ್ ಥರ. ಇಲ್ಲಿಯ ಬೆಣ್ಣೆ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಹೆಸರುವಾಸಿಯಾಗಿತ್ತು. ಅದಕ್ಕೂ ಮುಂಚೆ ಸಾವಿರಾರು ವರ್ಷ ಇಲ್ಲಿದ್ದೋರು ಕೋಸ್ಟ್ ಮಿವೊಕ್ ಜನ. ಸ್ಪೇನಿನ ಮಿಷನ್‌ಗಳು ಅವರನ್ನು ಈ ನೆಲದಿಂದ ಎಬ್ಬಿಸಿದವು. ಅವರ ಮನೆಗಳು ಇದ್ದ ಕಡೆ ಬೇರೆಯವರ ದನ ಮೇಯ್ತು. ಉದ್ಯಾನ ಆದಾಗ ಸರ್ಕಾರ ರಾಂಚಿನವರಿಂದ ನೆಲ ಕೊಂಡು, ಅವರಿಗೇ ಅಲ್ಲಿರೋಕೆ ಅವಕಾಶ ಕೊಡ್ತು. ನಾವು ಇವತ್ತು ಟ್ರೇಲ್ ಅಂತ ಕರೆಯೋ ಎಷ್ಟೋ ದಾರಿಗಳು ಹಳೇ ರಾಂಚಿನ ಗಾಡಿ ದಾರಿಗಳೇ.

ಇನ್ನು ಎಲ್ಕ್ ಕಥೆ. ಟೂಲೆ ಎಲ್ಕ್ ಅನ್ನೋ ಈ ಜಿಂಕೆ ಕ್ಯಾಲಿಫೋರ್ನಿಯಾದಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಬೇಟೆಯಾಡಿ ಪೂರ್ತಿ ಮುಗಿಸಿದ್ವಿ ಅಂದ್ಕೊಂಡಿದ್ದರು. ಎಲ್ಲೋ ಒಂದು ಚಿಕ್ಕ ಗುಂಪು ಉಳಿದಿತ್ತು. 1978ರಲ್ಲಿ ಹತ್ತು ಎಲ್ಕ್ ತಂದು ಟೊಮಾಲೆಸ್ ಪಾಯಿಂಟಿನಲ್ಲಿ ಬಿಟ್ಟರು. ಅವು ದನದ ಹುಲ್ಲಿಗೆ ಬರದಿರಲಿ ಅಂತ ಅಡ್ಡಕ್ಕೆ ಎತ್ತರದ ಬೇಲಿ. 2012ರಿಂದ 2014ರವರೆಗೆ ಬರಗಾಲ. ಬೇಲಿಯೊಳಗಿನ ಹಿಂಡು 540ರಿಂದ 286ಕ್ಕೆ ಇಳೀತು. ಬೇಲಿಯ ಈಚೆ ದನ, ಆಚೆ ಸಾಯೋ ಎಲ್ಕ್. ಜನ ಸಿಟ್ಟಾದರು, ಕೋರ್ಟಿಗೆ ಹೋದರು. ದನದ ಸಗಣಿ ಹೊಳೆ ನೀರು ಕೆಡಿಸ್ತಿದೆ ಅನ್ನೋದೂ ಇನ್ನೊಂದು ದೂರು. 2024ರ ಡಿಸೆಂಬರಿನಲ್ಲಿ ಬೇಲಿ ತೆಗೆಯೋ ತೀರ್ಮಾನ ಆಯ್ತು. 2025ರ ಜನವರಿಯಲ್ಲಿ ದೊಡ್ಡ ಸುದ್ದಿ: ಹನ್ನೆರಡು ರಾಂಚುಗಳು 15 ತಿಂಗಳೊಳಗೆ ಜಾಗ ಬಿಡೋಕೆ ಒಪ್ಪಿದವು. ಅವುಗಳಲ್ಲಿ ಆರು ಹಾಲಿನವು, ಆರು ಮಾಂಸದ ದನದವು. ‘ದ ನೇಚರ್ ಕನ್ಸರ್ವೆನ್ಸಿ’ ಅನ್ನೋ ಸಂಸ್ಥೆ ರಾಂಚಿನವರಿಗೆ ಹಣ ಕೊಡುತ್ತೆ. ಎರಡು ರಾಂಚು ಮಾತ್ರ ಉಳಿಯುತ್ತವೆ.

ಆಫೀಸಿನಲ್ಲಿ ನನ್ನ ಹೈಕಿಂಗ್ ಗುಂಪಿಗೆ ಇದು ಸಿಹಿಸುದ್ದಿ. ಎಲ್ಕ್ ಗೆದ್ದಿತು, ಇನ್ನೂ ಹೊಸ ಟ್ರೇಲ್ ಬರಬಹುದು. ನನಗೂ ಎಲ್ಕ್ ಇಷ್ಟ. ಆದರೆ ಆ ವಸಂತದಲ್ಲಿ ಮತ್ತೆ ಹೋದಾಗ ಒಂದು ರಾಂಚಿನ ಗೇಟಿನ ಹತ್ತಿರ ಟೈರು ಪಂಕ್ಚರ್ ಆಯ್ತು. ಗಾಳಿಗೆ ಬೆನ್ನು ಹಾಕಿ ಕೂತು ಟ್ಯೂಬ್ ಬದಲಾಯಿಸ್ತಿದ್ದೆ. ರಬ್ಬರ್ ಬೂಟು ಹಾಕಿದ್ದ ಒಬ್ಬ ಕೆಲಸಗಾರ ಬಂದು ನೀರಿನ ಬಾಟಲಿ ಕೊಟ್ಟ. ಮೆಕ್ಸಿಕೊದವನು. ಅವನ ಇಂಗ್ಲಿಷೂ ಅಷ್ಟಕ್ಕಷ್ಟೆ, ನನ್ನ ಸ್ಪ್ಯಾನಿಷ್ಷೂ ಅಷ್ಟಕ್ಕಷ್ಟೆ. ನಮ್ಮನೇಲೂ ನಾಲ್ಕು ಹಸು ಇದ್ವು, ಅಪ್ಪ ಕೈಯಲ್ಲೇ ಹಾಲು ಕರೀತಿದ್ರು ಅಂತ ಬೆರಳಲ್ಲಿ ಅಭಿನಯ ಮಾಡಿ ತೋರಿಸಿದೆ. ಅವನು ಜೋರಾಗಿ ನಕ್ಕ. ಇಪ್ಪತ್ತು ವರ್ಷದಿಂದ ಇಲ್ಲೇ, ಮಕ್ಕಳು ಹುಟ್ಟಿದ್ದು ಇಲ್ಲೇ, ಶಾಲೆ ಇಲ್ಲೇ ಪಕ್ಕದ ಊರಲ್ಲಿ ಅಂದ. ಮನೆ ರಾಂಚಿನದು. ಮುಂದೆ ಎಲ್ಲಿಗೆ ಅಂತ ಕೇಳಿದೆ. ಭುಜ ಹಾರಿಸಿ, ಹಸುಗಳ ಕಡೆಗೇ ನೋಡಿದ. ಈ ಸುತ್ತಮುತ್ತ ಬಾಡಿಗೆ ಎಷ್ಟು ಅಂತ ಸಾಫ್ಟ್‌ವೇರ್ ಸಂಬಳದ ನನಗೇ ಗೊತ್ತು.

ಆ ರಾತ್ರಿ ಅತ್ತೆಗೆ ಫೋನ್ ಮಾಡಿದೆ. ಅಪ್ಪನ ತಂಗಿ. ಅವರನ್ನು ಕೊಟ್ಟಿದ್ದು ಭದ್ರಾ ಅಭಯಾರಣ್ಯದೊಳಗಿನ ಒಂದು ಹಳ್ಳಿಗೆ. 1998ರಲ್ಲಿ ಅದು ಹುಲಿ ಮೀಸಲು ಪ್ರದೇಶ ಆಯ್ತು. 2002ರ ಆಸುಪಾಸಲ್ಲಿ ಒಳಗಿನ ಹಳ್ಳಿಗಳನ್ನು ಹೊರಗೆ ತಂದರು. ಅತ್ತೆಯ ಮನೆ ತರೀಕೆರೆ ತಾಲ್ಲೂಕಿನ ಎಂ.ಸಿ. ಹಳ್ಳಿಗೆ ಬಂತು. ಆಗ ನಾನು ಹೈಸ್ಕೂಲು. ಸಾಮಾನು ಹೇರಿದ ಲಾರಿಯ ಮೇಲೆ ಅತ್ತೆ ಕೋಳಿಬುಟ್ಟಿ ಹಿಡ್ಕೊಂಡು ಕೂತಿದ್ದು ನೆನಪಿದೆ.

‘ಅತ್ತೆ, ನಿಮಗೆ ಅಲ್ಲಿಂದ ಬಂದಿದ್ದು ಬೇಜಾರಿದ್ಯಾ?’ ಅಂದೆ.

‘ಈಗ್ಯಾಕೋ ಮಗ ಅದು? ಇಲ್ಲಿ ಕರೆಂಟಿದೆ, ಬಸ್ಸಿದೆ. ಆನೆ ಕಾಯೋಕೆ ಅಂತ ನಿಮ್ಮಾವ ರಾತ್ರಿಯೆಲ್ಲ ಗದ್ದೇಲಿ ಕೂರೋದು ತಪ್ತು. ನಿಮ್ಮ ಭಾವಂಗೆ ಹಾವು ಕಚ್ಚಿದಾಗ ಕಂಬಳೀಲಿ ಹೊತ್ಕಂಡು ಹೋಗಿದ್ರು ಕಣೋ. ಇಲ್ಲಿ ಆಗಿದ್ರೆ ಅರ್ಧ ಗಂಟೆ.’ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಮಳೆಗಾಲದಲ್ಲಿ ಹೊಳೆ ಸದ್ದಿಲ್ದೆ ನಿದ್ದೆ ಬರ್ತಿರ್ಲಿಲ್ಲ, ಎರಡು ವರ್ಷ. ಆಮೇಲೆ ಬಂತು’ ಅಂದರು.

ನಮ್ಮಲ್ಲಿ ಈ ವಿಷಯ ಬಂದ್ರೆ ಎರಡೇ ಗುಂಪು. ಕಾಡಲ್ಲಿ ಮನುಷ್ಯ ಇರಬಾರದು ಅನ್ನೋರು ಒಂದು, ಕಾಡಿನವರನ್ನು ಮುಟ್ಟಬಾರದು ಅನ್ನೋರು ಇನ್ನೊಂದು. ಅತ್ತೆ ಯಾವ ಗುಂಪಿಗೂ ಸೇರಲ್ಲ. ಅವರು ಒಂದೊಂದಾಗಿ ಲೆಕ್ಕ ಹಾಕ್ತಾರೆ: ಏನು ಹೋಯ್ತು, ಏನು ಬಂತು, ಯಾರಿಗೆ. ನನಗೆ ಪಾಯಿಂಟ್ ರೇಯ್ಸ್ ಲೆಕ್ಕವನ್ನೂ ಹಾಗೇ ನೋಡಬೇಕು ಅನ್ನಿಸುತ್ತೆ. ಎಲ್ಕ್‌ಗೆ ಹುಲ್ಲು, ನೀರು ಸಿಗುತ್ತೆ, ಅದು ನ್ಯಾಯ. ಹೊಳೆ ತಿಳಿಯಾದ್ರೆ ಅದೂ ಒಳ್ಳೇದು. ರಾಂಚಿನ ಮಾಲೀಕರಿಗೆ ಹಣ ಸಿಗುತ್ತೆ. ನನ್ನಂಥವರಿಗೆ ಶನಿವಾರ ತಿರುಗೋಕೆ ಇನ್ನೂ ಚಂದದ ಜಾಗ. ಈ ಲೆಕ್ಕದಲ್ಲಿ ಕೊಡೋ ಕಡೆ ಮಾತ್ರ ಇರೋದು ಮನೆಯೂ ನೆಲವೂ ತಮ್ಮದಲ್ಲದ, ಹಾಲು ಕರೆಯೋ ಆ ಕೈಗಳು. ಅವರಿಗೆ ನೆರವು ಕೊಡೋ ಮಾತೇನೋ ಒಪ್ಪಂದದಲ್ಲಿದೆ. ಆದರೆ ಹೈಕಿಂಗ್ ಗುಂಪಿನ ಸಂಭ್ರಮದ ಮೆಸೇಜುಗಳಲ್ಲಿ ಅವರ ಬಗ್ಗೆ ಒಂದು ಸಾಲೂ ಕಾಣಲಿಲ್ಲ. ನಾನೇ ಬರೆದು ಹಾಕಿದೆ. ಇಬ್ಬರು ಹೆಬ್ಬೆರಳು ಎತ್ತಿದರು, ಒಬ್ಬ ‘ಎಷ್ಟು ಜನ? ಎಲ್ಲಿಗೆ ಹೋಗ್ತಾರೆ?’ ಅಂತ ಕೇಳಿದ. ಅಷ್ಟಾದರೂ ಆಯ್ತು.

ನಾನು ಅಲ್ಲಿಗೆ ಹೋಗೋದೇನೂ ನಿಲ್ಲಿಸಿಲ್ಲ, ನಿಲ್ಲಿಸೋದೂ ಇಲ್ಲ. ನೀವೂ ಹೋಗಿ. ಈ ಕಡೆ ಬರೋಕೆ ಆಗದಿದ್ರೆ ನಮ್ಮ ಮುತ್ತೋಡಿಗೋ ಕುದುರೆಮುಖಕ್ಕೋ ಹೋಗಿ. ಸೈಕಲ್ ಬಿಡೋ ಕಡೆ ಸೈಕಲ್ಲಲ್ಲಿ, ಬಿಡದ ಕಡೆ ಕಾಲಲ್ಲಿ. ಕಾಡಿನ ಮಧ್ಯೆ ಎಲ್ಲಾದರೂ ಒಂಟಿ ಹಲಸಿನ ಮರವೋ, ಕಲ್ಲಿನ ಪಾಯವೋ, ಯಾರೂ ನೀರು ಸೇದದ ಬಾವಿಯೋ ಕಂಡ್ರೆ ಒಂದು ನಿಮಿಷ ನಿಂತು, ಇಲ್ಲಿದ್ದೋರು ಈಗ ಎಲ್ಲಿದ್ದಾರೆ ಅಂತ ಗೈಡ್‌ನ ಕೇಳಿ. ಸಾಮಾನ್ಯವಾಗಿ ಅವನಿಗೆ ಗೊತ್ತಿರುತ್ತೆ. ಎಷ್ಟೋ ಸಲ ಅವನೇ ಆ ಮನೆಯವನಾಗಿರ್ತಾನೆ.

ಫೋನ್ ಇಡೋ ಮುಂಚೆ ಅತ್ತೆಗೆ ಇಲ್ಲಿಯ ರಾಂಚು, ಎಲ್ಕ್, ಒಪ್ಪಂದ ಎಲ್ಲ ಹೇಳಿದ್ದೆ. ಪೂರ್ತಿ ಕೇಳಿಸ್ಕೊಂಡು ಅವರು ಒಂದೇ ಪ್ರಶ್ನೆ ಕೇಳಿದ್ರು.

‘ನಿಂಗೆ ನೀರು ಕೊಟ್ನಲ್ಲ, ಅವ್ನಿಗೆ ಜಾಗ ಕೊಡ್ತಾರಂತಾ?’