ಗೋಡೆಯ ಬುಡದ ಬಿಳಿ ಪುಡಿ

ಮನೆ ಮಾರಲು ಹೊರಟವನಿಗೆ ತನ್ನ ಮನೆಯೇ ಪರರ ಮನೆಯಂತೆ ಕಾಣತೊಡಗುತ್ತದೆ. ಮಗನ ಮುಂದಿನ ಓದಿಗೆಂದು, ತಂದೆ ಕಟ್ಟಿಸಿದ ಮನೆಯನ್ನು ಈಗ ಭಾನುವಾರಗಳಲ್ಲಿ ತೋರಿಸುತ್ತಿದ್ದೇನೆ. ಬಂದವರು ಬಾಗಿಲಿನ ದಿಕ್ಕು ಕೇಳುತ್ತಾರೆ, ದೇವರ ಕೋಣೆ ನೋಡುತ್ತಾರೆ, ನಲ್ಲಿ ತಿರುಗಿಸುತ್ತಾರೆ. ಅಡುಗೆಮನೆ ಗೋಡೆಯ ಬುಡದ ಬಿಳಿ ಪುಡಿಯ ಕಡೆ ಮಾತ್ರ ಯಾರೂ ಬಗ್ಗುವುದಿಲ್ಲ.

"ಪೇಂಟ್ ಹೊಡೆಸಿಬಿಡಿ ಮೇಷ್ಟ್ರೇ, ಯಾರಿಗೆ ಗೊತ್ತಾಗುತ್ತೆ?" ಎಂದ ದಲ್ಲಾಳಿ. ಪಿಯುಸಿ ಓದುವ ಮಗ ಅಲ್ಲೇ ನಿಂತಿದ್ದ. "ಹೊಡೆಸ್ತೀಯಾ ಅಪ್ಪ?" ಎಂದ.

ಇದು ನಾನೇ ತರಗತಿಯಲ್ಲಿ ಹೇಳುವ ಪಾಠ. ತೇವ ತಡೆಯುವ ಪದರವಿಲ್ಲದ ಹಳೆಯ ಗೋಡೆಯಲ್ಲಿ, ಬತ್ತಿಗೆ ಎಣ್ಣೆ ಏರುವ ಹಾಗೆ, ನೆಲದ ನೀರು ಇಟ್ಟಿಗೆಯ ಸೂಕ್ಷ್ಮ ರಂಧ್ರಗಳಲ್ಲಿ ಮೇಲೇರುತ್ತದೆ. ನೀರು ಆವಿಯಾಗುತ್ತದೆ, ಅದರಲ್ಲಿ ಕರಗಿದ್ದ ಲವಣ ಗೋಡೆಯ ಮೇಲೆ ಉಳಿಯುತ್ತದೆ. ಬಣ್ಣ ಬಳಿದರೆ ತೇವ ನಿಲ್ಲುವುದಿಲ್ಲ. ಕ್ರಮೇಣ ಬಣ್ಣವನ್ನೂ ಎಬ್ಬಿಸುತ್ತದೆ. ಅಷ್ಟರಲ್ಲಿ ನೋಂದಣಿ ಮುಗಿದಿರುತ್ತದೆ ಎಂಬುದೇ ದಲ್ಲಾಳಿಯ ಲೆಕ್ಕ!

1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಕಲಮಿನ ಲೆಕ್ಕ ಬೇರೆ. ಕೊಳ್ಳುವವನು ಸಾಮಾನ್ಯ ಎಚ್ಚರಿಕೆಯಿಂದ ಕಂಡುಕೊಳ್ಳಲಾಗದ, ಆದರೆ ಮಾರುವವನಿಗೆ ಗೊತ್ತಿರುವ ಮುಖ್ಯ ದೋಷವನ್ನು, ಬೇರೆ ಕರಾರಿಲ್ಲದಿದ್ದರೆ, ಹೇಳಲೇಬೇಕು. ಪುಡಿಯನ್ನು ಹಾಗೇ ಬಿಟ್ಟರೆ ಬಗ್ಗಿದವರಿಗೆ ಕಾಣುತ್ತದೆ. ಬಣ್ಣ ಬಳಿದರೆ ಬಗ್ಗಿದರೂ ಕಾಣದು.

ಮೊನ್ನೆ ಬಂದ ದಂಪತಿಗೆ ಮೊದಲು ಆ ಗೋಡೆಯನ್ನೇ ತೋರಿಸಿದೆ. ಯಜಮಾನರು ಬೆರಳಿನಿಂದ ಸವರಿ ನೋಡಿ, ಒಂದು ಲಕ್ಷ ಇಳಿಸಿ ಎಂದರು. ಅದು ಮಗನ ಹಾಸ್ಟೆಲಿಗೆಂದು ಎತ್ತಿಡಬೇಕೆಂದಿದ್ದ ದುಡ್ಡು. ಐವತ್ತು ಸಾವಿರಕ್ಕೆ ಚೌಕಾಸಿ ನಡೆದಿದೆ.