ಎ ಕೆಳಗೆ, ಝಡ್ ಮೇಲೆ: ಫ್ರಾಂಕ್‌ಫರ್ಟ್‌ನಲ್ಲಿ ಅತ್ತೆಯೊಂದಿಗೆ

ವಿಮಾನದ ಬಾಗಿಲು ತೆರೆದಾಗ ಸೇತುವೆಯ ತುದಿಯಲ್ಲಿ ಆರೇಳು ಗಾಲಿಕುರ್ಚಿಗಳು ಸಾಲಾಗಿ ನಿಂತಿದ್ದವು. ಇಳಿಯುವವರೆಲ್ಲ ಇಳಿದ ಮೇಲೆ ನಮ್ಮ ಸರದಿ. ಅತ್ತೆ ಸೀರೆಯ ನೆರಿಗೆ ಸರಿಮಾಡಿಕೊಂಡು ನಿಧಾನವಾಗಿ ನಡೆದು ಬಂದರು. ಅವರಿಗೆ ವಯಸ್ಸು ಎಂಬತ್ತರ ಹತ್ತಿರ. ಬಲ ಮಂಡಿ ಶಸ್ತ್ರಚಿಕಿತ್ಸೆಯಲ್ಲಿ ಬದಲಾಗಿದೆ, ಎಡದ್ದು ಹಾಗೇ ಎಳೆದುಕೊಂಡು ಹೋಗುತ್ತಿದೆ. ಬೆಂಗಳೂರಿನಿಂದ ರಾತ್ರಿ ಹೊರಟು ಬೆಳಿಗ್ಗೆ ಫ್ರಾಂಕ್‌ಫರ್ಟ್, ಅಲ್ಲಿಂದ ಶಿಕಾಗೊ. ಅಲ್ಲಿ ನನ್ನ ನಾದಿನಿಯ ಮನೆ. ನಾನು ಕೈಗಡಿಯಾರವನ್ನು ಮೂರೂವರೆ ಗಂಟೆ ಹಿಂದಕ್ಕೆ ತಿರುಗಿಸುತ್ತಿದ್ದರೆ ಅತ್ತೆ ತಡೆದರು. "ನಂದನ್ನ ಮುಟ್ಟಬೇಡಮ್ಮ. ಬಿ.ಪಿ. ಮಾತ್ರೆ ಊರಿನ ಟೈಮಿಗೇ ತಗೋಬೇಕು."

ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣದ ಮೊದಲನೇ ಟರ್ಮಿನಲ್ ತೆರೆದದ್ದು 1972ರ ಮಾರ್ಚ್‌ನಲ್ಲಿ. ಎರಡನೆಯದು 1994ರಲ್ಲಿ ಬಂತು, ಜೊತೆಗೆ ಎರಡನ್ನೂ ಕೂಡಿಸುವ ಚಾಲಕನಿಲ್ಲದ ಸ್ಕೈಲೈನ್ ರೈಲೂ ಬಂತು. 2024ರಲ್ಲಿ ಇಲ್ಲಿ 6 ಕೋಟಿಗೂ ಹೆಚ್ಚು ಪ್ರಯಾಣಿಕರು ಹಾದುಹೋದರು. ಅವರಲ್ಲಿ ಬಹಳ ಮಂದಿ ನಮ್ಮಂತೆಯೇ ಊರೊಳಗೆ ಕಾಲಿಡದೆ ಒಂದು ವಿಮಾನದಿಂದ ಇನ್ನೊಂದಕ್ಕೆ ದಾಟುವವರು. ಹೀಗೆ ದಾಟುವವರಿಗಾಗಿ ಕಟ್ಟಿದ ಊರು ಇದು. ಅದರ ಬೀದಿಗಳಿಗೂ ಅಕ್ಷರಗಳೇ ಹೆಸರು: ಎ, ಬಿ, ಸಿ, ಝಡ್.

ನಾವು ಇಳಿದದ್ದು ಬಿ ಭಾಗದಲ್ಲಿ, ಹತ್ತಬೇಕಾದದ್ದು ಝಡ್‌ನಲ್ಲಿ. ಕುರ್ಚಿ ತಳ್ಳಲು ಬಂದವರು ಟರ್ಕಿ ಮೂಲದವರು. ಅವರ ತಂದೆ ಕೂಲಿಗೆಂದು ಜರ್ಮನಿಗೆ ಬಂದು ಇಲ್ಲೇ ನೆಲೆಸಿದವರಂತೆ. 1961ರಲ್ಲಿ ಪಶ್ಚಿಮ ಜರ್ಮನಿಯೂ ಟರ್ಕಿಯೂ ಮಾಡಿಕೊಂಡ ಒಪ್ಪಂದದ ಮೇಲೆ ಹಾಗೆ ಬಂದವರು ಲಕ್ಷಗಟ್ಟಲೆ ಜನ. ಕುರ್ಚಿ ತಳ್ಳುವವರು ಅತ್ತೆಯ ಎದುರು ಬಗ್ಗಿ, ಕಾಲು ಇಡುವ ತಟ್ಟೆಯನ್ನು ಬಿಡಿಸಿ, ಸೀರೆಯ ಅಂಚು ಗಾಲಿಗೆ ಸಿಗದಂತೆ ತಾವೇ ಎತ್ತಿ ಮಡಿಸಿದರು. ಸೀರೆ ಉಟ್ಟ ಅಮ್ಮಂದಿರನ್ನು ಎಷ್ಟೋ ಸಲ ಕರೆದೊಯ್ದ ಕೈ ಅದು, ನೋಡಿದರೇ ತಿಳಿಯುತ್ತಿತ್ತು. ಅತ್ತೆ ಕೈ ಮುಗಿದರು. ಅವರು ಎದೆಯ ಮೇಲೆ ಕೈಯಿಟ್ಟು ತಲೆಬಾಗಿದರು.

ಮೊದಲ ಘಟ್ಟ ಭದ್ರತಾ ತಪಾಸಣೆ. ಬೆಂಗಳೂರಿನಲ್ಲಿ ಒಮ್ಮೆ ಆಗಿದ್ದರೂ ಇಲ್ಲಿ ಮತ್ತೆ ಆಗಬೇಕು, ಭಾರತದಿಂದ ಬಂದವರಿಗೆಲ್ಲ ಅದೇ ನಿಯಮ. ನೀರಿನ ಬಾಟಲಿಯನ್ನು ವಿಮಾನದಲ್ಲೇ ಖಾಲಿ ಮಾಡಿಕೊಂಡಿದ್ದೆವು. 2006ರ ಆಗಸ್ಟ್‌ನಲ್ಲಿ ಲಂಡನ್ನಿನಿಂದ ಹೊರಡುವ ವಿಮಾನಗಳನ್ನು ದ್ರವ ಸ್ಫೋಟಕದಿಂದ ಉರುಳಿಸುವ ಸಂಚು ಬಯಲಾಯಿತು. ಕೈಚೀಲದ ದ್ರವಕ್ಕೆ 100 ಮಿಲಿಲೀಟರಿನ ಮಿತಿ ಬಂದದ್ದು ಅದರ ನಂತರ. ಆ ಲೆಕ್ಕದಲ್ಲಿ ಉಪ್ಪಿನಕಾಯಿ, ತುಪ್ಪ, ಪುಳಿಯೋಗರೆ ಗೊಜ್ಜು ಎಲ್ಲವೂ ದ್ರವವೇ. ಅವನ್ನೆಲ್ಲ ದೊಡ್ಡ ಸೂಟ್‌ಕೇಸಿಗೆ ಹಾಕಿ, ಚಕ್ಕುಲಿ ಮತ್ತು ಕೋಡುಬಳೆ ಮಾತ್ರ ಕೈಚೀಲದಲ್ಲಿ ಇಟ್ಟಿದ್ದೆವು. ಅತ್ತೆಯ ಮಂಡಿಯೊಳಗಿನ ಲೋಹಕ್ಕೆ ಯಂತ್ರ ಕೂಗಿತು. ಡಾಕ್ಟರು ಇಂಗ್ಲಿಷಿನಲ್ಲಿ ಬರೆದುಕೊಟ್ಟ ಚೀಟಿ ತೋರಿಸಿದೆ. ಆದರೂ ಮಹಿಳಾ ಸಿಬ್ಬಂದಿಯೊಬ್ಬರು ಬಂದು, ಮುಟ್ಟುವ ಮುನ್ನ ಪ್ರತಿ ಸಲವೂ ಕೇಳಿ, ಕೈಯಿಂದ ತಪಾಸಣೆ ಮಾಡಿದರು. ಅಂಗೈಗೂ ಗಾಲಿಕುರ್ಚಿಯ ಹಿಡಿಗೂ ಬಟ್ಟೆಯ ಚೂರು ಸವರಿ ಯಂತ್ರದೊಳಗೆ ಇಟ್ಟು ನೋಡಿದರು. ಸ್ಫೋಟಕದ ಕಣವಿದ್ದರೆ ಅದು ತಿಳಿಸುತ್ತದೆ. ನಾನು ಅದನ್ನು ಅತ್ತೆಗೆ ವಿವರಿಸಿದೆ. ವಯಸ್ಸಾದವರಿಗೆ ಭಯ ಹುಟ್ಟುವುದು ತಪಾಸಣೆಯಿಂದಲ್ಲ, ಏನು ನಡೆಯುತ್ತಿದೆ ಎಂದು ಯಾರೂ ಹೇಳದೆ ಇರುವುದರಿಂದ. ಜೊತೆಗಿರುವ ನಾವು ಮಾಡಬೇಕಾದ ದೊಡ್ಡ ಕೆಲಸ ಅದೇ ಎಂದು ನನ್ನ ದೃಢ ನಂಬಿಕೆ.

ಅಲ್ಲಿಂದ ಲಿಫ್ಟಿನಲ್ಲಿ ನೆಲದಡಿಗೆ. ಬಿ ಭಾಗದಿಂದ ಎ ಮತ್ತು ಝಡ್ ಕಡೆಗೆ ಹೋಗಲು ಉದ್ದನೆಯ ಸುರಂಗವಿದೆ. ಗೋಡೆಯ ಮೇಲೆ ಬಣ್ಣದ ಬೆಳಕು ನಿಧಾನವಾಗಿ ಬದಲಾಗುತ್ತದೆ. ಚಲಿಸುವ ಪಟ್ಟಿಯ ಮೇಲೆ ಜನ ನಿಂತೇ ಸಾಗುತ್ತಾರೆ. ಗಾಲಿಕುರ್ಚಿ ಮಾತ್ರ ಪಕ್ಕದ ಗಟ್ಟಿ ನೆಲದ ಮೇಲೆ ಸಾಗಿತು. ಸುರಂಗದ ಕೊನೆಯಲ್ಲಿ ಮತ್ತೆ ಲಿಫ್ಟು. ಅದರೊಳಗಿನ ಗುಂಡಿಗಳನ್ನು ನೋಡಿದಾಗ ಈ ಕಟ್ಟಡದ ಗುಟ್ಟು ಬಯಲಾಯಿತು. ಒಂದು ಅಂತಸ್ತು ಎ, ಅದರ ಮೇಲಿನದು ಝಡ್.

ಎ ಮತ್ತು ಝಡ್ ಬೇರೆ ಬೇರೆ ಕಟ್ಟಡಗಳಲ್ಲ, ಒಂದೇ ಕಟ್ಟಡದ ಎರಡು ಮಹಡಿಗಳು. ಕೆಳಗಿನ ಎ ಷೆಂಗೆನ್ ದೇಶಗಳಿಗೆ, ಮೇಲಿನ ಝಡ್ ಅದರ ಹೊರಗಿನ ಜಗತ್ತಿಗೆ. 1985ರಲ್ಲಿ ಲಕ್ಸೆಂಬರ್ಗಿನ ಷೆಂಗೆನ್ ಎಂಬ ಹಳ್ಳಿಯಲ್ಲಿ ಐದು ದೇಶಗಳು ತಮ್ಮ ನಡುವಿನ ಗಡಿ ತಪಾಸಣೆಯನ್ನು ಹಂತಹಂತವಾಗಿ ತೆಗೆದುಹಾಕಲು ಒಪ್ಪಿದವು. 1995ರಲ್ಲಿ ಅದು ಜಾರಿಗೆ ಬಂತು. ಈಗ ಅದರಲ್ಲಿ 29 ದೇಶಗಳಿವೆ. ಪ್ಯಾರಿಸ್, ರೋಮ್, ವಿಯೆನ್ನಾಗಳಿಗೆ ಹೋಗುವವರು ಎ ಮಹಡಿಯಲ್ಲಿ, ಬೆಂಗಳೂರಿನಿಂದ ಶಿಕಾಗೊಗೆ ದಾಟುವ ನಾವು ಝಡ್ ಮಹಡಿಯಲ್ಲಿ. ನಮ್ಮ ಕಾಲಡಿಯ ಮಹಡಿ ಯುರೋಪಿನೊಳಗಿತ್ತು, ನಾವು ಹೊರಗಿದ್ದೆವು. ಮೇಲಿನವರು ಕೆಳಗಿಳಿಯಬೇಕಾದರೆ ನಡುವೆ ಪಾಸ್‌ಪೋರ್ಟ್ ಅಧಿಕಾರಿ ಕುಳಿತಿರುತ್ತಾರೆ. ಅತ್ತೆಗೆ ಇದನ್ನು ಹೇಳಿದಾಗ ಅವರು ಸ್ವಲ್ಪ ಹೊತ್ತು ಯೋಚಿಸಿ ಅಂದರು: "ಅಣ್ಣತಮ್ಮಂದಿರು ಪಾಲಾದ ಮೇಲೆ ಒಂದೇ ಮನೇಲಿ ಮೇಲೊಬ್ಬರು ಕೆಳಗೊಬ್ಬರು ಇರ್ತಾರಲ್ಲ, ಹಾಗೆ." ಅದಕ್ಕಿಂತ ಚೆನ್ನಾಗಿ ಯಾವ ನಕ್ಷೆಯೂ ಹೇಳಲಾರದು.

ದೊಡ್ಡ ಟರ್ಮಿನಲ್‌ನಲ್ಲಿ ದಾರಿ ತಪ್ಪುವುದು ದೂರದಿಂದಲ್ಲ. ಕಣ್ಣಿಗೆ ಹತ್ತಿರ ಕಾಣುವ ಗೇಟಿಗೆ ಗಾಜಿನ ಗೋಡೆ ಅಡ್ಡ ಇರುತ್ತದೆ, ಸುತ್ತಿ ಬಳಸಿ ಹೋಗಬೇಕಾಗುತ್ತದೆ. ಆ ಗೋಡೆಗಳನ್ನು ಎಳೆದದ್ದು ವಾಸ್ತುಶಿಲ್ಪಿಯಲ್ಲ, ಕಾನೂನು. 1972ರ ಕಟ್ಟಡಕ್ಕೆ ಷೆಂಗೆನ್ ಗೊತ್ತಿರಲಿಲ್ಲ. ಗಡಿಗಳು ಬದಲಾದಂತೆ ಒಳಗಿನ ಗೋಡೆ, ಮೆಟ್ಟಿಲು, ಬಾಗಿಲುಗಳೂ ಬದಲಾದವು. ತಪಾಸಣೆ ಆದವರು ಆಗದವರು, ದೇಶದೊಳಗೆ ಬಂದವರು ಬಾರದವರು: ಇವರು ಎಲ್ಲೂ ಬೆರೆಯದಂತೆ ನೋಡಿಕೊಳ್ಳುವುದೇ ಈ ಕಟ್ಟಡಗಳ ಕೆಲಸ. ಇದು ತಿಳಿದ ಮೇಲೆ ನಾನು ಫಲಕದಲ್ಲಿ ಗೇಟಿನ ಸಂಖ್ಯೆಯನ್ನಲ್ಲ, ಅದರ ಮುಂದಿನ ಅಕ್ಷರವನ್ನು ಮೊದಲು ಹುಡುಕುತ್ತೇನೆ.

ಫಲಕಗಳ ಬಗ್ಗೆ ಒಂದು ಮಾತು. ಪ್ಯಾರಿಸ್ಸಿನ ಷಾರ್ಲ್ ದ ಗಾಲ್ ನಿಲ್ದಾಣ 1974ರಲ್ಲಿ ತೆರೆದಾಗ ಅದರ ಫಲಕಗಳಿಗಾಗಿ ಅಕ್ಷರ ಬರೆದವರು ಸ್ವಿಟ್ಜರ್‌ಲೆಂಡಿನ ಆಡ್ರಿಯನ್ ಫ್ರೂಟಿಗರ್. ದೂರದಿಂದ, ಓರೆಯಿಂದ, ನಡೆಯುತ್ತಲೇ ಓದುವವರ ಕಣ್ಣಿಗೆ ಹೊಂದುವಂತೆ ಅವರು ಅಕ್ಷರಗಳ ಬಾಯನ್ನು ಅಗಲವಾಗಿ ತೆರೆದಿಟ್ಟರು. ಆ ಅಕ್ಷರಶೈಲಿ ಅವರ ಹೆಸರಿನಲ್ಲೇ ಜಗತ್ತಿನೆಲ್ಲೆಡೆ ಹರಡಿತು. ಕ್ಯಾಟರಾಕ್ಟ್ ಆಪರೇಷನ್ ಆದ ಅತ್ತೆ, ಇಂಗ್ಲಿಷ್ ಅಕ್ಷರಮಾಲೆಯಷ್ಟೇ ಬಲ್ಲವರು, ಸುರಂಗ ದಾಟಿದ ಮೇಲೆ ನನಗಿಂತ ಮೊದಲೇ ಬೆರಳು ತೋರಿಸಿದರು. "ಅಗೋ, ಝಡ್."

ಗೇಟಿನ ಬಳಿ ಕಾಯುವಾಗ ಕೆಳಗೆ ಸಾಮಾನಿನ ಗಾಡಿಗಳು ಓಡಾಡುತ್ತಿದ್ದವು. ಈ ನಿಲ್ದಾಣದೊಳಗೆ ಸೂಟ್‌ಕೇಸುಗಳನ್ನು ಸಾಗಿಸುವ ಪಟ್ಟಿಗಳ ಜಾಲ ಸುಮಾರು 80 ಕಿಲೋಮೀಟರ್ ಉದ್ದವಿದೆ. ಅದು ಇರುವುದರಿಂದಲೇ ಇಲ್ಲಿ ವಿಮಾನ ಬದಲಿಸಲು 45 ನಿಮಿಷ ಸಾಕೆಂದು ವಿಮಾನ ಕಂಪನಿಗಳು ಟಿಕೆಟ್ ಕೊಡುತ್ತವೆ. ಸೂಟ್‌ಕೇಸಿಗೆ ಅಷ್ಟು ಸಾಕಾಗಬಹುದು. ಮಂಡಿನೋವಿನ ಹಿರಿಯರಿಗೆ ಸಾಲದು. ಕಡಿಮೆ ದರಕ್ಕೆ ಆಸೆಪಟ್ಟು ಅಂಥ ಟಿಕೆಟ್ಟನ್ನು ಅಪ್ಪ ಅಮ್ಮಂದಿರಿಗೆ ಯಾರೂ ಕೊಳ್ಳಬಾರದು. ನಾವು ನಡುವೆ ಮೂರು ಗಂಟೆಗೂ ಹೆಚ್ಚು ಹೊತ್ತು ಇರುವಂತೆ ನೋಡಿಕೊಂಡಿದ್ದೆವು. ಅದರಲ್ಲಿ ಶೌಚಾಲಯಕ್ಕೆ, ಮಾತ್ರೆಗೆ, ಚಕ್ಕುಲಿಗೆ, ಕಾಲು ಚಾಚಿ ಕೂರುವುದಕ್ಕೆ ಸಮಯ ಸಿಕ್ಕಿತು. ಅಮೆರಿಕದ ವಿಮಾನವಾದ್ದರಿಂದ ಹತ್ತುವ ಮುನ್ನ ಪಾಸ್‌ಪೋರ್ಟ್ ಮತ್ತು ವೀಸಾಗಳನ್ನು ಮತ್ತೊಮ್ಮೆ ನೋಡಿದರು. ಗಾಲಿಕುರ್ಚಿಯವರನ್ನು ಮೊದಲು ಹತ್ತಿಸಿದರು. ಅತ್ತೆ ಕುರ್ಚಿ ತಳ್ಳಿದವರ ಕೈಗೆ ಎರಡು ಕೋಡುಬಳೆ ಇಟ್ಟರು. ಅವರು ಅಲ್ಲೇ ಒಂದನ್ನು ಕಡಿದರು.

ನಮ್ಮ ಊರುಗಳಿಂದ ಮಕ್ಕಳ ಮನೆಗೆ ಒಂಟಿಯಾಗಿ ಹೊರಡುವ ಅಪ್ಪ ಅಮ್ಮಂದಿರು ಬಹಳ. ಅನೇಕರು ಸಂಕೋಚದಿಂದ ಗಾಲಿಕುರ್ಚಿ ಕೇಳುವುದಿಲ್ಲ, ಹಣ ಕೊಡಬೇಕೇನೋ ಎಂದು ಅಂಜುತ್ತಾರೆ. ಯುರೋಪಿನ ಒಕ್ಕೂಟದ 2006ರ ಕಾನೂನಿನಂತೆ ಅಲ್ಲಿನ ವಿಮಾನ ನಿಲ್ದಾಣಗಳಲ್ಲಿ ಈ ನೆರವು ಪ್ರಯಾಣಿಕರ ಹಕ್ಕು, ಅದಕ್ಕೆ ಶುಲ್ಕವಿಲ್ಲ. ಮೆಟ್ಟಿಲು ಹತ್ತಬಲ್ಲ ಆದರೆ ದೂರ ನಡೆಯಲಾರದವರಿಗೆ ಡಬ್ಲ್ಯೂಸಿಎಚ್‌ಆರ್ ಎಂಬ ಗುರುತು, ಮೆಟ್ಟಿಲೂ ಹತ್ತಲಾಗದವರಿಗೆ ಡಬ್ಲ್ಯೂಸಿಎಚ್‌ಎಸ್. ಟಿಕೆಟ್ ಕೊಳ್ಳುವಾಗಲೇ, ತಡವೆಂದರೆ ಹೊರಡುವ 48 ಗಂಟೆ ಮೊದಲು, ವಿಮಾನ ಕಂಪನಿಗೆ ಫೋನ್ ಮಾಡಿ ಇದನ್ನು ಬರೆಸಿ. ಟಿಕೆಟ್ಟಿನಲ್ಲಿ ಆ ಗುರುತು ಬಂದಿದೆಯೇ ಎಂದು ನೀವೇ ನೋಡಿ.