ಕಲ್ಲು ಸರಿಸಿದ ಮೇಲೆ

ಮಳೆಗಾಲದ ರಾತ್ರಿ ಕಡಲ ಮೊರೆತ ಮಲಗುವ ಕೋಣೆಯವರೆಗೂ ಬರುವ, ಹೊನ್ನಾವರದ ಹತ್ತಿರದ ಒಂದು ಹಳ್ಳಿಯಲ್ಲಿ ಹುಟ್ಟಿದವನು ನಾನು. ಅಂಥವನು ಈಗ ಬೆಂಗಳೂರಿನ ಮೂರನೇ ಮಹಡಿಯಲ್ಲಿ ಕೂತು ಸಮುದ್ರದ ಉಪ್ಪನ್ನು ಕಿಲೋ ಲೆಕ್ಕದಲ್ಲಿ ದುಡ್ಡು ಕೊಟ್ಟು ತರಿಸುತ್ತೇನೆ. ಊರಲ್ಲಿದ್ದಾಗ ಬಣ್ಣದ ಮೀನು ಕಂಡವನೇ ಅಲ್ಲ. ಮುರ್ಡೇಶ್ವರದಾಚೆಯ ನೇತ್ರಾಣಿ ದ್ವೀಪದ ಬುಡದಲ್ಲಿ ಹವಳವಿದೆ ಎಂದು ಗೊತ್ತಾಗುವ ಹೊತ್ತಿಗೆ ನಾನು ಬೆಂಗಳೂರಲ್ಲಿ ಇಎಂಐ ಕಟ್ಟುತ್ತಿದ್ದೆ.

ನನ್ನ ಟ್ಯಾಂಕ್ ಎರಡೂವರೆ ಅಡಿ ಉದ್ದದ್ದು, ನೂರು ಲೀಟರಿನದು. ವಾರಕ್ಕೊಮ್ಮೆ ಸ್ವಲ್ಪ ಹಳೇ ನೀರು ತೆಗೆದು ಹೊಸ ನೀರು ತುಂಬಬೇಕು. ಲೀಟರ್ ಆರ್‌ಒ ನೀರಿಗೆ ಸುಮಾರು 35 ಗ್ರಾಂ ಉಪ್ಪು ಬೆರೆಸಿ ಬಕೆಟ್ಟಿನಲ್ಲಿ ರಾತ್ರಿಯಿಡೀ ಪಂಪು ತಿರುಗಿಸುತ್ತೇನೆ. ಅಪ್ಪಯ್ಯ ತೀರಿಕೊಂಡ ಮೇಲೆ ಎರಡು ತಿಂಗಳ ಮಟ್ಟಿಗೆಂದು ಬಂದಿದ್ದ ಆಯಿ ಒಂದು ಬೆಳಿಗ್ಗೆ ಆ ಬಕೆಟ್ಟಿನ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಬೆರಳದ್ದಿ ನಾಲಿಗೆಗೆ ಮುಟ್ಟಿಸಿ ಹೇಳಿದಳು:

"ಉಪ್ಪು ಸಾಲ್ತಿಲ್ಲೆ ತಮಾ. ಇದ್ರಲ್ಲಿ ಮಿಡಿ ಹಾಕಿರೆ ಕೊಳೆತು ಹೋಗ್ತು."

ಅರವತ್ತು ವರ್ಷ ಅಪ್ಪೆಮಿಡಿಗೆ, ಹಲಸಿನ ಸೊಳೆಗೆ ಉಪ್ಪುನೀರು ಕೂಡಿಸಿದ ನಾಲಿಗೆ ಅದು. ಉಪ್ಪಿನಕಾಯಿಯ ಅಳತೆಯೇ ಬೇರೆ ಎಂದು ನಗುತ್ತ ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರಿಗೆ ಒಂದು ಹನಿ ಬಿಟ್ಟು ನೋಡಿದೆ. 1.025 ಇರಬೇಕಾದಲ್ಲಿ 1.022! ಎರಡು ಹಿಡಿ ಉಪ್ಪು ಹಾಕಿದೆ. ಅವತ್ತಿನಿಂದ ಬಕೆಟ್ಟಿನ ಅಧಿಕಾರ ಆಯಿಯ ಕೈಗೆ ಹೋಯಿತು.

ಅದೇ ವಾರ ನಾನು ಹೊಸ ಮೀನೊಂದನ್ನು ತಂದೆ. ಡಾಟಿಬ್ಯಾಕ್. ತಲೆಯಿಂದ ನಡುವಿನವರೆಗೆ ನೇರಳೆ, ಅಲ್ಲಿಂದ ಬಾಲದವರೆಗೆ ಹಳದಿ, ಒಡಲೊಂದು ಬಣ್ಣ ಸೆರಗೊಂದು ಬಣ್ಣದ ಸೀರೆಯ ಹಾಗೆ. ಉದ್ದ ನನ್ನ ಕಿರುಬೆರಳಿನಷ್ಟು. ಅಂಗಡಿಯವನು "ತನ್ನ ಪಾಡಿಗಿರುತ್ತೆ ಸಾರ್" ಎಂದಿದ್ದ. ಉಳಿದವರನ್ನು ಅವರ ಪಾಡಿಗೆ ಬಿಡುತ್ತದೆ ಎಂದು ಅವನೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಟ್ಯಾಂಕಿನಲ್ಲಿ ಮೊದಲೇ ಮೂವರಿದ್ದರು. ಒಂದು ಗೋಬಿ (ಮಂಚೂರಿಗೆ ಸಂಬಂಧವಿಲ್ಲ), ಒಂದು ಜೋಡಿ ಕ್ಲೌನ್. ಕ್ಲೌನ್‌ಗಳಲ್ಲಿ ಹುಟ್ಟುವಾಗ ಎಲ್ಲವೂ ಗಂಡೇ. ಗುಂಪಿನಲ್ಲಿ ದೊಡ್ಡದಾಗಿ ಜೋರು ಮಾಡುವುದು ಹೆಣ್ಣಾಗುತ್ತದೆ. ನನ್ನ ಟ್ಯಾಂಕಿನ ಯಜಮಾನಿ ಪಂಪಿನ ಮೂಲೆಯನ್ನು ತನ್ನ ಹೆಸರಿಗೆ ಬರೆಸಿಕೊಂಡಿದ್ದಳು. ಅವಳೆದುರು ಗಂಡು ಆಗಾಗ ಮೈ ಓರೆ ಮಾಡಿ ಗಡಗಡ ನಡುಗುತ್ತದೆ. ಶರಣಾದೆ ಎನ್ನುವುದಕ್ಕೆ ಅವುಗಳ ಭಾಷೆ ಅದು.

ಇಂಥ ಸಂಸಾರಕ್ಕೆ ಹೊಸಬರನ್ನು ಸೇರಿಸಲು ಶಾಸ್ತ್ರವಿದೆ. ಪ್ಲಾಸ್ಟಿಕ್ ಚೀಲವನ್ನು ಟ್ಯಾಂಕಿನಲ್ಲಿ ತೇಲಿಬಿಟ್ಟು ಬಿಸಿ ಸಮ ಮಾಡಬೇಕು. ಸಣ್ಣ ನಳಿಗೆಗೆ ಗಂಟು ಹಾಕಿ ತೊಟ್ಟು ತೊಟ್ಟಾಗಿ ಟ್ಯಾಂಕಿನ ನೀರು ಬೆರೆಸಬೇಕು. ಹಳಬರ ಹೊಟ್ಟೆ ತುಂಬಿಸಿ ದೀಪ ಆರಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಒಳಗಿನ ಕಲ್ಲುಗಳನ್ನು ಅತ್ತಿತ್ತ ಸರಿಸಬೇಕು. ಹಳಬರಿಗೆ ತಮ್ಮ ಗಡಿಕಲ್ಲು ಯಾವುದೆಂದೇ ತಿಳಿಯಬಾರದು; ಎಲ್ಲರೂ ಅವತ್ತೇ ಬಂದವರಂತಾಗಬೇಕು. ಸಾಲದ್ದಕ್ಕೆ ನಾನು ತರಕಾರಿ ತೊಳೆಯುವ ತೂತಿನ ಬುಟ್ಟಿಗೆ ಥರ್ಮೋಕೋಲ್ ಕಟ್ಟಿ ತೇಲಿಸಿ, ಹೊಸ ಮೀನನ್ನು ಎರಡು ದಿನ ಅದರೊಳಗಿಟ್ಟೆ. ಮುಖಪರಿಚಯವಾಗಲಿ ಎಂದು.

"ರೀ, ಅದರ ಬಾಣಂತನ ಮುಗಿಯೋತನಕ ನಾನು ಪಾಲಕ್ ಎಲ್ಲಿ ತೊಳೀಲಿ?" ಎಂದಳು ನನ್ನವಳು.

ಅವಳ ಸಿಟ್ಟು ಬುಟ್ಟಿಯದ್ದಲ್ಲ. ಆಯಿ ಬಂದ ಮರುದಿನವೇ ಸಾಸಿವೆ ಡಬ್ಬಿಯನ್ನು ತನಗೆ ಎಟುಕುವಂತೆ ಕೆಳಗಿನ ಹಲಗೆಗೆ ಇಳಿಸಿದ್ದಳು. ಸಂಜೆ ಅದು ಮೇಲೇರಿತು. ಬೆಳಿಗ್ಗೆ ಮತ್ತೆ ಇಳಿಯಿತು. ಹುಣಸೆಹಣ್ಣು, ಇಂಗು, ಸಟ್ಟುಗ, ಒಂದೊಂದಾಗಿ ಎಲ್ಲವೂ ಓಡಾಡತೊಡಗಿದವು. ಒಂದು ಮಾತಿಲ್ಲ, ಕತೆಯಿಲ್ಲ. "ಕೂಸೇ, ಇಂಗು ಎಲ್ಲಿದ್ದೇ?" ಎಂಬ ಅಕ್ಕರೆಯ ದನಿ, "ಅಲ್ಲೇ ಇರಬೇಕು ಅತ್ತೆ" ಎಂಬ ಅಷ್ಟೇ ಮೃದುವಾದ ಉತ್ತರ. ನಾನು ಪೇಪರಿನ ಹಿಂದೆ ಮೈ ಓರೆ ಮಾಡಿಕೊಂಡು ಕೂತಿರುತ್ತಿದ್ದೆ.

ಮೂರನೇ ದಿನ ಡಾಟಿಬ್ಯಾಕನ್ನು ಬಿಟ್ಟೆ. ಮೊದಲ ಏಟು ಯಜಮಾನಿಯದ್ದು. ಹೊಸಬ ಎಡಬದಿಯ ಕಲ್ಲಿನ ಪೊಟರೆಗೆ ನುಗ್ಗಿ ಒಂದು ಗಂಟೆ ಮುಖ ತೋರಿಸಲಿಲ್ಲ. ಪಾಪ ಅನಿಸಿತು. ಸಂಜೆಯ ಹೊತ್ತಿಗೆ ಆ ಪೊಟರೆ ಅದರದಾಗಿತ್ತು, ಮಾರನೇ ದಿನ ಎಡಗಡೆಯ ಅರ್ಧ ಟ್ಯಾಂಕೂ ಅದರದೇ. ಗೋಬಿ ಹೀಟರಿನ ಹಿಂದೆ ನಿರಾಶ್ರಿತವಾಯಿತು. ಪ್ರಾಣಿವರ್ತನೆಯ ವಿಜ್ಞಾನಿ ಕೊನ್ರಾಡ್ ಲೊರೆನ್ಜ್ 1963ರ ತನ್ನ ಪುಸ್ತಕದಲ್ಲಿ ಹವಳದ ಮೀನುಗಳ ಜಗಳವನ್ನು ನೀರಲ್ಲಿ ಮುಳುಗಿ ನೋಡಿ ಆಸೆಪಟ್ಟು ವರ್ಣಿಸಿದ್ದಾನೆ. ತನ್ನ ಗೂಡಿಗೆ ಹತ್ತಿರವಿದ್ದಷ್ಟೂ ಪ್ರಾಣಿಗೆ ಧೈರ್ಯ ಹೆಚ್ಚು, ದೂರ ಹೋದಷ್ಟೂ ಕಡಿಮೆ ಎನ್ನುತ್ತಾನೆ. ಊರಲ್ಲಿ ರಂಗ ಪರವೂರಲ್ಲಿ ಮಂಗ ಎಂದು ನಮ್ಮವರು ಅಷ್ಟೆಲ್ಲ ಮುಳುಗದೆಯೇ ಹೇಳಿಬಿಟ್ಟಿದ್ದಾರೆ. ನನ್ನ ಟ್ಯಾಂಕಿನಲ್ಲೂ ಹಾಗೇ ಆಯಿತು: ಬೆನ್ನಟ್ಟುವ ಯಜಮಾನಿ ನಡುಗಲ್ಲು ದಾಟಿದೊಡನೆ ತಾನೇ ಓಡುವವಳಾಗುತ್ತಿದ್ದಳು, ಡಾಟಿಬ್ಯಾಕ್ ಬೆನ್ನಟ್ಟುತ್ತಿತ್ತು. ಹತ್ತು ದಿನಕ್ಕೆ ಇಬ್ಬರಿಗೂ ಸುಸ್ತು. ಗಡಿ ಗಟ್ಟಿಯಾಯಿತು. ಆಯಿ ಮಾತ್ರ ಇಡೀ ದಿನ ಗಾಜಿನ ಮುಂದೆ ಕೂತು ಹೊಸಬನ ಪಕ್ಷ ವಹಿಸುತ್ತಿದ್ದಳು.

ಎರಡು ತಿಂಗಳು ಮುಗಿದು ಅವಳನ್ನು ಊರಿಗೆ ಕರೆದೊಯ್ದೆ. ಅಷ್ಟರಲ್ಲಿ ಹೆದ್ದಾರಿ 66 ಅಗಲವಾಗಿ ನಮ್ಮ ಅಂಗಳದ ಮುಂಭಾಗವೂ, ಅಲ್ಲಿದ್ದ ಹಲಸಿನ ಮರವೂ ಹೋಗಿದ್ದವು. ಬಸ್ಸಿನಲ್ಲಿ ಆಯಿ ಕಿಟಕಿಗೆ ಮುಖವಿಟ್ಟು ಆ ಮರವನ್ನೇ ಕಾಯುತ್ತಿದ್ದಳು. ನಾನೂ ಅಷ್ಟೇ. ಮರ ಬರಲಿಲ್ಲ, ನಿಲ್ಲಿಸಿ ಎನ್ನುವಷ್ಟರಲ್ಲಿ ಒಂದು ಕಿಲೋಮೀಟರ್ ಮುಂದೆ ಹೋಗಿದ್ದೆವು. ಹುಟ್ಟಿದೂರಿನಲ್ಲಿ ಚೀಲ ಹೊತ್ತು, ಲಾರಿಗಳಿಗೆ ಹೆದರಿ ಡಿವೈಡರಿನ ಮೇಲೆ ನಿಂತು, ಮನೆ ಎಡಕ್ಕೋ ಬಲಕ್ಕೋ ಎಂದು ನೋಡಿದೆವು.

ಬೀಗ ತೆಗೆದವಳೇ ಆಯಿ ಸೀದಾ ಅಡುಗೆಮನೆಗೆ ಹೋದಳು. ಕತ್ತಲಲ್ಲೇ ಕೈ ಚಾಚಿದಳು. ಭರಣಿ ಅಲ್ಲೇ ಇತ್ತು. ಅದರ ಬಾಯಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿ, ಹೊರಗೆ ಚೂರು ಬಗ್ಗಿಸಿಕೊಂಡು, ಬೆರಳದ್ದಿ ನೆಕ್ಕಿ, "ಇದು ಸಮಾ ಇದ್ದು" ಎಂದಳು. ಆಮೇಲೆ ಕೈ ಒರೆಸಿಕೊಳ್ಳುತ್ತ,

"ಮನೆಗೆ ಫೋನ್ ಮಾಡು ತಮಾ. ಆ ನೇರಳೆದು ಎಂತಾರು ತಿಂತಾ ಕೇಳು."